ಸಣ್ಣ ದೋಣಿಗೆ ತಕ್ಕ ಬ್ಯಾಟರಿ ಯಾವುದು?

ನೆಲದ ಮೇಲೆ ಓಡುವ ವಾಹನದ ಬ್ಯಾಟರಿ ಕೈಕೊಟ್ಟರೆ ಹೆಚ್ಚೆಂದರೆ ಒಂದಿಷ್ಟು ಸಮಯ ಹಾಳಾಗುತ್ತದೆ. ಆದರೆ ದಡದಿಂದ ಹತ್ತಿಪ್ಪತ್ತು ಕಿಲೋಮೀಟರ್ ಆಚೆ, ಕತ್ತಲಲ್ಲಿ, ಗಾಳಿ ಏಳುತ್ತಿರುವ ಹೊತ್ತಿನಲ್ಲಿ ದೋಣಿಯ ಬ್ಯಾಟರಿ ಸೋತರೆ ಎಂಜಿನ್ನು ಚಾಲೂ ಆಗುವುದಿಲ್ಲ, ದಾರಿ ತೋರುವ ಜಿಪಿಎಸ್ ಆರಿಹೋಗುತ್ತದೆ, ತನ್ನ ಇರವನ್ನು ಬೇರೆ ದೋಣಿಗಳಿಗೆ ಸಾರುವ ದೀಪಗಳು ನಂದುತ್ತವೆ, ಒಳಗೆ ಸೇರಿದ ನೀರನ್ನು ಹೊರಹಾಕುವ ಪಂಪು ನಿಲ್ಲುತ್ತದೆ, ನೆರವು ಕೇಳಬೇಕಾದ ರೇಡಿಯೋ ಕೂಡ ಕೆಲಸಕ್ಕೆ ಬಾರದಂತಾಗುತ್ತದೆ. ಹೀಗಿದ್ದರೂ ಬಹಳಷ್ಟು ಸಣ್ಣ ದೋಣಿಗಳಲ್ಲಿ ಬ್ಯಾಟರಿಯನ್ನು ಕೊಳ್ಳುವಾಗ ನೋಡುವುದು ಬೆಲೆಯನ್ನು, ಹೆಸರನ್ನು ಮತ್ತು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಒಂದೇ ಒಂದು ಸಂಖ್ಯೆಯನ್ನು ಮಾತ್ರ. ಅದರಿಂದ ಯಾವ ಕೆಲಸ ಆಗಬೇಕು, ಒಂದು ಸಲಕ್ಕೆ ಅದು ಎಷ್ಟು ಬರಿದಾಗುತ್ತದೆ, ಬರಿದಾದದ್ದು ಮತ್ತೆ ಪೂರ್ತಿ ತುಂಬಲು ದೋಣಿಯಲ್ಲಿ ಅನುಕೂಲವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಬ್ಯಾಟರಿಯ ಬಗೆಯನ್ನು ನಿರ್ಧರಿಸಲು ಸಾಧ್ಯ ಎಂಬುದನ್ನು ಈ ಅಧ್ಯಾಯವು ವಿವರಿಸುತ್ತದೆ.

ಎರಡು ಕೆಲಸ, ಎರಡು ಸ್ವಭಾವ

ಎಂಜಿನ್ ಇರುವ ದೋಣಿಯಲ್ಲಿ ಬ್ಯಾಟರಿಯಿಂದ ಆಗಬೇಕಾದ ಕೆಲಸಗಳು ಎರಡು. ಮೊದಲನೆಯದು ಎಂಜಿನ್ನನ್ನು ಚಾಲೂ ಮಾಡುವುದು. ಸಣ್ಣ ಡೀಸೆಲ್ ಎಂಜಿನ್ನಿನ ಸ್ಟಾರ್ಟರ್ ಮೋಟಾರು ನೂರೈವತ್ತರಿಂದ ಇನ್ನೂರು ಆಂಪಿಯರ್‌ಗಳಷ್ಟು ಪ್ರವಾಹವನ್ನು ಎಳೆಯುತ್ತದೆಯಾದರೂ ಅದು ಕೆಲವೇ ಸೆಕೆಂಡುಗಳ ಮಾತು. ಇನ್ನೂರು ಆಂಪಿಯರ್ ಐದು ಸೆಕೆಂಡು ಹರಿದರೆ ಒಟ್ಟು ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ಆಂಪಿಯರ್ ಪ್ರವಾಹವು ಒಂದು ಗಂಟೆ ಕಾಲ ಹರಿದಾಗ ಸಾಗುವ ವಿದ್ಯುದಂಶದ ಮೊತ್ತವೇ ಆಂಪಿಯರ್-ಗಂಟೆ; ಬ್ಯಾಟರಿಯ ಧಾರಣಶಕ್ತಿಯನ್ನು ಅಳೆಯುವ ರೂಢಿಯ ಮಾನ ಇದು. ಎರಡನೆಯ ಕೆಲಸ ಇದಕ್ಕೆ ತೀರ ವಿರುದ್ಧವಾದದ್ದು: ದೀಪ, ರೇಡಿಯೋ, ಜಿಪಿಎಸ್, ಮೀನಿನ ಗುಂಪನ್ನೂ ನೀರಿನ ಆಳವನ್ನೂ ತೋರುವ ಫಿಶ್ ಫೈಂಡರ್, ಪಂಪು ಮುಂತಾದವು ಕೆಲವು ಆಂಪಿಯರ್‌ಗಳನ್ನು ಮಾತ್ರ ಬೇಡುತ್ತವೆ, ಆದರೆ ಗಂಟೆಗಟ್ಟಲೆ, ರಾತ್ರಿಯಿಡೀ ಬೇಡುತ್ತಲೇ ಇರುತ್ತವೆ.

ಕಂಬಳದ ಕರೆಯಲ್ಲಿ ಕ್ಷಣಮಾತ್ರದಲ್ಲಿ ಓಡಿ ಗುರಿ ಮುಟ್ಟುವ ಕೋಣಕ್ಕೂ ಬೆಳಗಿನಿಂದ ಮಧ್ಯಾಹ್ನದವರೆಗೆ ಗದ್ದೆ ಉಳುವ ಕೋಣಕ್ಕೂ ಇರುವ ವ್ಯತ್ಯಾಸವೇ ಈ ಎರಡು ಕೆಲಸಗಳ ಬ್ಯಾಟರಿಗಳ ನಡುವೆಯೂ ಇದೆ. ಸ್ಟಾರ್ಟಿಂಗ್ ಬ್ಯಾಟರಿಯೆಂದು ಕರೆಯಲಾಗುವ ಮೊದಲ ಬಗೆಯಲ್ಲಿ ತೆಳುವಾದ ಪ್ಲೇಟುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ಪ್ಲೇಟುಗಳ ಒಟ್ಟು ಮೇಲ್ಮೈ ಹೆಚ್ಚಿದಷ್ಟೂ ಒಮ್ಮೆಲೇ ಹೊರಬರಬಲ್ಲ ಪ್ರವಾಹವೂ ಹೆಚ್ಚುತ್ತದೆ. ಡೀಪ್ ಸೈಕಲ್ ಎಂಬ ಎರಡನೆಯ ಬಗೆಯಲ್ಲಿ, ಎಂದರೆ ಆಳವಾಗಿ ಬರಿದಾಗಿ ಮತ್ತೆ ತುಂಬಿಕೊಳ್ಳುವ ಆವರ್ತನೆಯನ್ನು ತಾಳಿಕೊಳ್ಳುವ ಬ್ಯಾಟರಿಯಲ್ಲಿ, ಪ್ಲೇಟುಗಳು ಕಡಿಮೆ, ಆದರೆ ದಪ್ಪ. ತೆಳು ಪ್ಲೇಟಿನ ಬ್ಯಾಟರಿಯನ್ನು ರಾತ್ರಿಯಿಡೀ ದೀಪ ಉರಿಸಲು ಬಳಸಿ ದಿನವೂ ಬರಿದು ಮಾಡಿದರೆ ಪ್ಲೇಟಿಗೆ ಮೆತ್ತಿರುವ ಪದಾರ್ಥವು ಉದುರಿ ಕೆಲವೇ ತಿಂಗಳುಗಳಲ್ಲಿ ಅದು ಸಾಯುತ್ತದೆ. ದಪ್ಪ ಪ್ಲೇಟಿನ ಬ್ಯಾಟರಿಯಾದರೋ ಸಾಕಷ್ಟು ದೊಡ್ಡದಾಗಿದ್ದರೆ ಅಗತ್ಯ ಬಿದ್ದಾಗ ಎಂಜಿನ್ನನ್ನೂ ಎಬ್ಬಿಸಬಲ್ಲದು. ಆದ್ದರಿಂದಲೇ ಎರಡು ಕೆಲಸಗಳಿಗೆ ಎರಡು ಪ್ರತ್ಯೇಕ ಬ್ಯಾಟರಿಗಳನ್ನಿಟ್ಟು, ರಾತ್ರಿಯ ಬಳಕೆ ಎಷ್ಟೇ ಇರಲಿ ಎಂಜಿನ್ನಿನ ಪಾಲು ಮುಟ್ಟದಂತೆ ಕಾಯ್ದಿರಿಸುವುದು ದೋಣಿಯ ವಿದ್ಯುತ್ ವ್ಯವಸ್ಥೆಯ ಮೊದಲ ನಿಯಮವಾಗಿದೆ.

ಸ್ಟಾರ್ಟಿಂಗ್ ಬ್ಯಾಟರಿಗಳ ಮೇಲೆ ಕಾಣುವ ಸಿಸಿಎ ಎಂಬ ಅಂಕಿಯನ್ನು ಕುರಿತು ಇಲ್ಲಿಯೇ ಒಂದು ಮಾತು ಹೇಳಬೇಕು. ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ, 12 ವೋಲ್ಟಿನ ಬ್ಯಾಟರಿಯು ತನ್ನ ವೋಲ್ಟೇಜು 7.2ಕ್ಕಿಂತ ಕೆಳಗಿಳಿಯದಂತೆ 30 ಸೆಕೆಂಡು ಕಾಲ ಕೊಡಬಲ್ಲ ಪ್ರವಾಹವನ್ನು ಅದು ಸೂಚಿಸುತ್ತದೆ. ಹಿಮ ಬೀಳುವ ದೇಶಗಳಲ್ಲಿ ಇದು ನಿರ್ಣಾಯಕ ಸಂಖ್ಯೆ. ಮಲ್ಪೆ, ಕಾರವಾರ ಅಥವಾ ಕೊಚ್ಚಿಯ ಬಂದರಿನಲ್ಲಿ ಅಂಥ ಚಳಿ ಎಂದೂ ಬಾರದಿರುವುದರಿಂದ ಎಂಜಿನ್ ತಯಾರಕರು ಹೇಳಿದ ಕನಿಷ್ಠ ಮೊತ್ತವನ್ನು ಪೂರೈಸಿದರೆ ಸಾಕು, ಅದಕ್ಕಿಂತ ಹೆಚ್ಚಿನ ಸಿಸಿಎಗಾಗಿ ಹಣ ತೆರುವುದರಿಂದ ಹೆಚ್ಚಿನ ಲಾಭವಿಲ್ಲ.

ಸೀಸ ಮತ್ತು ಆಮ್ಲ

ಫ್ರಾನ್ಸಿನ ಗಸ್ತೋಂ ಪ್ಲಾಂತೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯು ಮರಳಿ ಚಾರ್ಜು ಮಾಡಬಹುದಾದ ಮೊದಲ ಬ್ಯಾಟರಿ. 1881ರಲ್ಲಿ ಕಮೀಯ್ ಫೋರ್ ಸೀಸದ ಸಂಯುಕ್ತಗಳ ಲೇಪವನ್ನು ಪ್ಲೇಟುಗಳಿಗೆ ಮೆತ್ತುವ ವಿಧಾನವನ್ನು ಕಂಡುಕೊಂಡ ಮೇಲೆ ಅದು ಕಾರ್ಖಾನೆಯ ಸರಕಾಯಿತು. ಅದರ ಧನಫಲಕದಲ್ಲಿ ಸೀಸದ ಡಯಾಕ್ಸೈಡ್, ಋಣಫಲಕದಲ್ಲಿ ಸ್ಪಂಜಿನಂತೆ ಸಚ್ಛಿದ್ರವಾದ ಸೀಸ, ನಡುವೆ ನೀರು ಬೆರೆಸಿದ ಗಂಧಕಾಮ್ಲ ಇರುತ್ತವೆ. ಬ್ಯಾಟರಿಯಿಂದ ವಿದ್ಯುತ್ತು ಹೊರಹರಿಯುವಾಗ ಎರಡೂ ಫಲಕಗಳು ಆಮ್ಲದೊಡನೆ ವರ್ತಿಸಿ ಸೀಸದ ಸಲ್ಫೇಟ್ ಆಗಿ ಮಾರ್ಪಡುತ್ತವೆ, ಆಮ್ಲವು ತೆಳುವಾಗುತ್ತದೆ. ಚಾರ್ಜು ಮಾಡುವಾಗ ಈ ಕ್ರಿಯೆಯೇ ಹಿಂದುಮುಂದಾಗಿ ನಡೆದು ಸಲ್ಫೇಟು ಕರಗಿ ಆಮ್ಲವು ಮತ್ತೆ ದಟ್ಟವಾಗುತ್ತದೆ. ಒಂದು ಕೋಶದಿಂದ ಎರಡು ವೋಲ್ಟಿಗಿಂತ ತುಸು ಹೆಚ್ಚು ದೊರೆಯುವುದರಿಂದ ಆರು ಕೋಶಗಳ ಸಾಲು ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.7 ವೋಲ್ಟನ್ನೂ, ಅರ್ಧ ಬರಿದಾದಾಗ ಸುಮಾರು 12.2 ವೋಲ್ಟನ್ನೂ ತೋರಿಸುತ್ತದೆ. ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆದು ಪ್ರತಿ ಕೋಶದ ಸ್ಥಿತಿಯನ್ನು ಬೇರೆಬೇರೆಯಾಗಿ ತಿಳಿಯಲು ಸಾಧ್ಯವಿರುವುದು ಈ ಹಳೆಯ ಬಗೆಯ ಬ್ಯಾಟರಿಯ ದೊಡ್ಡ ಅನುಕೂಲ.

ಇದರ ದೌರ್ಬಲ್ಯವೂ ಇದೇ ರಸಾಯನಕ್ರಿಯೆಯಲ್ಲಿದೆ. ಆಗತಾನೆ ಹುಟ್ಟಿದ ಸೀಸದ ಸಲ್ಫೇಟು ಸೂಕ್ಷ್ಮ ಹರಳುಗಳ ರೂಪದಲ್ಲಿದ್ದು ಚಾರ್ಜಿಗೆ ಸುಲಭವಾಗಿ ಕರಗುತ್ತದೆ. ಆದರೆ ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲೇ ದಿನಗಟ್ಟಲೆ ಬಿಟ್ಟರೆ ಆ ಹರಳುಗಳು ಬೆಳೆದು ಗಟ್ಟಿಯಾಗಿ, ಯಾವ ಚಾರ್ಜರಿಗೂ ಜಗ್ಗದ ಬಿಳಿಯ ಪೊರೆಯಾಗಿ ಫಲಕವನ್ನು ಮುಚ್ಚುತ್ತವೆ. ಸಲ್ಫೇಷನ್ ಎಂದು ಕರೆಯುವ ಈ ವಿಕಾರವೇ ಸೀಸದ ಬ್ಯಾಟರಿಗಳ ಅಕಾಲ ಮರಣಕ್ಕೆ ಮುಖ್ಯ ಕಾರಣ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಬಳಸಿದ ಕೂಡಲೇ ಪೂರ್ತಿ ತುಂಬಬೇಕು ಎಂಬ ಎರಡು ಎಚ್ಚರಗಳೂ ಇದರಿಂದಲೇ ಹುಟ್ಟಿವೆ.

ಕರ್ನಾಟಕದ ಮನೆಗಳಲ್ಲಿ ಯುಪಿಎಸ್‌ಗೆ ಜೋಡಿಸಿರುವ ಟ್ಯೂಬ್ಯುಲರ್ ಬ್ಯಾಟರಿಯು ಡೀಪ್ ಸೈಕಲ್ ಕುಟುಂಬಕ್ಕೇ ಸೇರಿದ್ದು. ಅದರ ಧನಫಲಕವು ಚಪ್ಪಟೆ ಹಲಗೆಯಾಗಿರದೆ, ಸೀಸದ ಕಡ್ಡಿಗಳ ಸುತ್ತ ಕ್ರಿಯಾಶೀಲ ಪದಾರ್ಥವನ್ನು ತುಂಬಿ ಪಾಲಿಯೆಸ್ಟರ್ ಕೊಳವೆಗಳಲ್ಲಿ ಬಿಗಿದ ರಚನೆಯಾಗಿರುವುದರಿಂದ ಪದಾರ್ಥವು ಉದುರದೆ ಹೆಚ್ಚು ಕಾಲ ಬಾಳುತ್ತದೆ. ಆದರೆ ಮನೆಯ ಮೂಲೆಯಲ್ಲಿ ಅಲುಗಾಡದೆ ನಿಲ್ಲಲೆಂದು ಮಾಡಿದ ಎತ್ತರದ ಮಾದರಿಯನ್ನು ಹಾಗೆಯೇ ತಂದು ತೂಗಾಡುವ ದೋಣಿಯಲ್ಲಿಡುವುದು ತಪ್ಪು: ಅದರ ಭಾರಕೇಂದ್ರವು ಮೇಲಿರುವುದರಿಂದ ಉರುಳುವ ಸಂಭವ ಹೆಚ್ಚು, ಓಲಾಡಿದಾಗ ಆಮ್ಲವು ಮುಚ್ಚಳದಿಂದ ಹೊರಚೆಲ್ಲಬಹುದು, ಒಂದೇ ಮಗ್ಗುಲಿಗೆ ಬಹಳ ಹೊತ್ತು ವಾಲಿದರೆ ಫಲಕಗಳ ಮೇಲ್ತುದಿಯು ದ್ರವದಿಂದ ಹೊರಬಂದು ಕೆಡಲೂಬಹುದು.

ಲೆಕ್ಕ ಮೊದಲು, ಖರೀದಿ ಆಮೇಲೆ

ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬುದನ್ನು ಅಂದಾಜಿನಿಂದಲ್ಲ, ಕೂಡಿಸಿ ಕಳೆದು ತಿಳಿಯಬೇಕು. ರಾತ್ರಿ ಬಲೆ ಬಿಡಲು ಹೋಗುವ ಒಂದು ಸಣ್ಣ ದೋಣಿಯನ್ನು ಉದಾಹರಣೆಗೆ ತೆಗೆದುಕೊಂಡು, ಹನ್ನೆರಡು ಗಂಟೆಗಳ ಬಳಕೆಯನ್ನು 12 ವೋಲ್ಟಿನಲ್ಲಿ ಲೆಕ್ಕ ಹಾಕಬಹುದು. ಜಿಪಿಎಸ್ ಮತ್ತು ಫಿಶ್ ಫೈಂಡರ್ ಸೇರಿ ಒಂದೂವರೆ ಆಂಪಿಯರ್ ಎಳೆದರೆ ಹನ್ನೆರಡು ಗಂಟೆಗೆ 18 ಆಂಪಿಯರ್-ಗಂಟೆ. ವಿಎಚ್‌ಎಫ್ ರೇಡಿಯೋ ಸುಮ್ಮನೆ ಆಲಿಸುತ್ತಿರುವಾಗ ಅರ್ಧ ಆಂಪಿಯರಿನಂತೆ 6, ಮಾತನಾಡುವಾಗ 6 ಆಂಪಿಯರಿನಂತೆ ಒಟ್ಟು ಕಾಲು ಗಂಟೆಗೆ 1.5; ಸಂಚಾರ ದೀಪಗಳಿಗೆ 12; ಬಲೆ ಎಳೆಯುವಾಗ ಆರು ಗಂಟೆ ಉರಿಯುವ ಮೂರು ಆಂಪಿಯರಿನ ಎಲ್‌ಇಡಿ ದೀಪಗಳಿಗೆ 18; ನೀರೆತ್ತುವ ಪಂಪಿಗೆ 4. ಒಟ್ಟು ಮೊತ್ತ ಹತ್ತಿರಹತ್ತಿರ 60 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕಾದ್ದರಿಂದ 120 ಆಂಪಿಯರ್-ಗಂಟೆಯದು ಬೇಕಾಗುತ್ತದೆ. ಬ್ಯಾಟರಿಯು ಹಳತಾದಂತೆ ಧಾರಣಶಕ್ತಿ ಕುಗ್ಗುವುದನ್ನೂ, ದೋಣಿ ಮರಳುವುದು ತಡವಾಗಬಹುದಾದ್ದನ್ನೂ ಎಣಿಸಿ ಕಾಲು ಭಾಗ ಸೇರಿಸಿದರೆ ಲೆಕ್ಕವು 150ಕ್ಕೆ ಬಂದು ನಿಲ್ಲುತ್ತದೆ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಆಂಪಿಯರ್-ಗಂಟೆಯ ಅಂಕಿಗೂ ಒಂದು ಷರತ್ತು ಅಂಟಿಕೊಂಡಿರುತ್ತದೆ. 100 ಆಂಪಿಯರ್-ಗಂಟೆ, ಸಿ20 ಎಂದಿದ್ದರೆ 5 ಆಂಪಿಯರಿನಂತೆ ನಿಧಾನವಾಗಿ 20 ಗಂಟೆ ಕಾಲ ಎಳೆದಾಗ ಮಾತ್ರ ಅಷ್ಟು ದೊರೆಯುತ್ತದೆಂದು ಅರ್ಥ. ವೇಗವಾಗಿ ಎಳೆದಷ್ಟೂ ದೊರೆಯುವ ಮೊತ್ತ ಕಡಿಮೆಯಾಗುತ್ತದೆ, ಏಕೆಂದರೆ ಫಲಕದ ರಂಧ್ರಗಳೊಳಗಿನ ಆಮ್ಲವು ಮುಗಿಯುವ ವೇಗಕ್ಕೆ ಸರಿಯಾಗಿ ಹೊರಗಿನ ಆಮ್ಲವು ಒಳಗೆ ಇಳಿಯಲಾರದು. ಈ ಇಳಿಕೆಯನ್ನು ಗಣಿತಸೂತ್ರವಾಗಿ 1897ರಲ್ಲಿ ನಿರೂಪಿಸಿದವನು ಜರ್ಮನಿಯ ವಿಜ್ಞಾನಿ ಪ್ಯೂಕರ್ಟ್. ಅವನ ಸೂತ್ರದಲ್ಲಿ ಬರುವ ಘಾತಾಂಕವು 1ಕ್ಕೆ ಹತ್ತಿರವಿದ್ದಷ್ಟೂ ಬ್ಯಾಟರಿಯು ವೇಗದ ಎಳೆತವನ್ನು ತಾಳಿಕೊಳ್ಳುತ್ತದೆ. ಘಾತಾಂಕ 1.25 ಇರುವ 100 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 50 ಆಂಪಿಯರಿನಂತೆ ಎಳೆದರೆ ದೊರೆಯುವುದು ಸುಮಾರು 56 ಆಂಪಿಯರ್-ಗಂಟೆ ಮಾತ್ರ, ಘಾತಾಂಕ 1.1 ಆಗಿದ್ದರೆ ಅದು 79ರಷ್ಟಾಗುತ್ತದೆ. ದೀಪ-ರೇಡಿಯೋಗಳ ದೋಣಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ, ಆದರೆ ವಿದ್ಯುತ್ ಮೋಟಾರಿನಿಂದಲೇ ಚಲಿಸುವ ದೋಣಿಗೆ ದಡ ಸೇರುವುದೂ ಸೇರದಿರುವುದೂ ಇದನ್ನೇ ಅವಲಂಬಿಸಬಹುದು.

ಚೆಲ್ಲದ ಆಮ್ಲ: ಎಜಿಎಂ ಮತ್ತು ಜೆಲ್

ದ್ರವರೂಪದ ಆಮ್ಲವಿರುವ ಬ್ಯಾಟರಿಯು ಚಾರ್ಜಿನ ಕೊನೆಯ ಹಂತದಲ್ಲಿ ನೀರನ್ನು ಒಡೆದು ಜಲಜನಕ ಮತ್ತು ಆಮ್ಲಜನಕಗಳನ್ನು ಹೊರಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೂ ಒಂದು ಕಿಡಿಗೆ ಅದು ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಬಹಳ ಹಗುರವಾದ್ದರಿಂದ ಮೇಲೇರಿ ಡೆಕ್ಕಿನ ಕೆಳಗೆ ಸಂಗ್ರಹವಾಗುತ್ತದೆ, ಆದಕಾರಣ ಬ್ಯಾಟರಿ ಇಡುವ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಯಾಡುವ ಕಿಂಡಿ ಇರಲೇಬೇಕು. ಸಮುದ್ರದ ನೀರು ಕೋಶಗಳೊಳಗೆ ನುಗ್ಗಿದರೆ ಉಪ್ಪಿನಿಂದ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ ಎಂಬುದು ಹಿಂದಿನ ಕಾಲದ ಜಲಾಂತರ್ಗಾಮಿ ನೌಕೆಗಳಲ್ಲಿ ಜೀವಗಳನ್ನು ತೆತ್ತು ಕಲಿತ ಪಾಠ.

ಈ ತೊಂದರೆಗಳಿಗೆ ಎರಡು ಪರಿಹಾರಗಳು ದೊರೆತವು. 1950ರ ದಶಕದಲ್ಲಿ ಜರ್ಮನಿಯಲ್ಲಿ ಆಮ್ಲಕ್ಕೆ ಸಿಲಿಕಾದ ನವುರಾದ ಪುಡಿಯನ್ನು ಬೆರೆಸಿ ಅದನ್ನು ಲೋಳೆಯಂತೆ ಗಟ್ಟಿಯಾಗಿಸಿದ ಜೆಲ್ ಬ್ಯಾಟರಿ ಬಂದಿತು. 1970ರ ದಶಕದಲ್ಲಿ ಅಮೆರಿಕದಲ್ಲಿ, ಗಾಜಿನ ನಾರಿನ ತೆಳು ಹಾಸು ಆಮ್ಲವನ್ನು ಹೀರಿ ಹಿಡಿದಿಟ್ಟುಕೊಳ್ಳುವ ಎಜಿಎಂ ಬ್ಯಾಟರಿ ರೂಪುಗೊಂಡಿತು. ಎರಡರಲ್ಲೂ ಚಾರ್ಜಿನ ಹೊತ್ತಿನಲ್ಲಿ ಹುಟ್ಟಿದ ಆಮ್ಲಜನಕವು ಒಳಗೇ ಋಣಫಲಕವನ್ನು ಸೇರಿ ಮತ್ತೆ ನೀರಾಗುವುದರಿಂದ ಡಿಸ್ಟಿಲ್ಡ್ ವಾಟರ್ ತುಂಬಬೇಕಾಗಿಲ್ಲ. ಒತ್ತಡ ಮಿತಿಮೀರಿದಾಗ ಮಾತ್ರ ತೆರೆಯುವ ಕವಾಟವೊಂದು ಇರುತ್ತದೆ. ಎಜಿಎಂನ ಆಂತರಿಕ ರೋಧ ಕಡಿಮೆಯಾದ್ದರಿಂದ ಅದು ಸ್ಟಾರ್ಟರಿಗೆ ಬೇಕಾದ ದೊಡ್ಡ ಪ್ರವಾಹವನ್ನು ಕೊಡಬಲ್ಲದು, ವೇಗವಾಗಿ ಚಾರ್ಜನ್ನೂ ಸ್ವೀಕರಿಸಬಲ್ಲದು. ದೋಣಿ ವಾಲಿದರೂ ಚೆಲ್ಲುವುದಿಲ್ಲ, ಅಲೆಗಳ ಕುಲುಕಾಟವನ್ನೂ ಚೆನ್ನಾಗಿ ತಾಳುತ್ತದೆ. ಜೆಲ್ ಬ್ಯಾಟರಿಯು ನಿಧಾನವಾದ ಆಳದ ಬಳಕೆಗೆ ಒಗ್ಗುತ್ತದೆಯಾದರೂ ಹೆಚ್ಚಿನ ವೋಲ್ಟೇಜನ್ನು ಸಹಿಸದು; ಸುಮಾರು 14.2 ವೋಲ್ಟನ್ನು ಮೀರಿ ಚಾರ್ಜು ಮಾಡಿದರೆ ಲೋಳೆಯಲ್ಲಿ ಗುಳ್ಳೆಗಳೆದ್ದು ಆ ಜಾಗಗಳು ಶಾಶ್ವತವಾಗಿ ನಿಷ್ಕ್ರಿಯವಾಗುತ್ತವೆ. ಎರಡರಲ್ಲಿಯೂ ನೀರು ಮತ್ತೆ ತುಂಬಲು ದಾರಿಯಿಲ್ಲದ ಕಾರಣ ಅತಿಯಾದ ಚಾರ್ಜಿನಿಂದ ಆದ ಹಾನಿ ಸರಿಪಡಿಸಲಾಗದ ಹಾನಿ.

ಲಿಥಿಯಂನ ಹಗುರ ದಾರಿ

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡಿನಫ್, ಎ. ಕೆ. ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ ಅವರು 1997ರಲ್ಲಿ ಪ್ರಕಟಿಸಿದ ಪ್ರಬಂಧವು ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಪದಾರ್ಥವನ್ನು ಬ್ಯಾಟರಿಯ ಧನಫಲಕವಾಗಿ ಬಳಸಬಹುದೆಂದು ತೋರಿಸಿತು. ಲಿಥಿಯಂ ಬ್ಯಾಟರಿಗಳ ಸಾಧನೆಗಾಗಿ ಗುಡಿನಫ್ ಅವರಿಗೆ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರೊಡನೆ 2019ರ ನೊಬೆಲ್ ಪ್ರಶಸ್ತಿ ಸಂದಿತು. ಎಲ್‌ಎಫ್‌ಪಿ ಎಂಬ ಸಂಕ್ಷಿಪ್ತ ಹೆಸರಿನ ಈ ಬ್ಯಾಟರಿಯಲ್ಲಿ ಚಾರ್ಜು ಮತ್ತು ಬಳಕೆಗಳ ಹೊತ್ತಿನಲ್ಲಿ ಲಿಥಿಯಂ ಅಯಾನುಗಳು ಒಂದು ಫಲಕದ ಸ್ಫಟಿಕ ರಚನೆಯಿಂದ ಹೊರಟು ಇನ್ನೊಂದರೊಳಗೆ ಸೇರಿಕೊಳ್ಳುತ್ತವೆಯೇ ಹೊರತು ಫಲಕಗಳು ಸೀಸದ ಫಲಕಗಳಂತೆ ಕರಗಿ ಮರುಹುಟ್ಟುವುದಿಲ್ಲ. ಆದ್ದರಿಂದಲೇ ಸೀಸದ ಬ್ಯಾಟರಿಯ ಆಯುಷ್ಯ ಕೆಲವು ನೂರು ಆವರ್ತನೆಗಳಿಂದ ಸಾವಿರದ ಆಸುಪಾಸಿನವರೆಗೆ ಇದ್ದರೆ, ಎಲ್‌ಎಫ್‌ಪಿಯದು ನೂರಕ್ಕೆ ಎಂಬತ್ತರಷ್ಟು ಬರಿದು ಮಾಡಿದರೂ ಎರಡು ಸಾವಿರವನ್ನು ದಾಟುತ್ತದೆ.

ಫೋನು ಮತ್ತು ಹಲವು ಕಾರುಗಳಲ್ಲಿರುವ, ನಿಕಲ್ ಅಥವಾ ಕೋಬಾಲ್ಟ್ ಬೆರೆತ ಲಿಥಿಯಂ ಬ್ಯಾಟರಿಗಳಿಗಿಂತ ಎಲ್‌ಎಫ್‌ಪಿಯ ಶಕ್ತಿಸಾಂದ್ರತೆ ಕಡಿಮೆ. ಆದರೆ ಅದರ ಆಮ್ಲಜನಕವನ್ನು ರಂಜಕವು ಬಲವಾದ ಬಂಧದಲ್ಲಿ ಹಿಡಿದಿಟ್ಟಿರುವುದರಿಂದ ಬಿಸಿಯೇರಿದಾಗ ಅದು ಸುಲಭವಾಗಿ ಬಿಡುಗಡೆಯಾಗದು, ಬೆಂಕಿಗೆ ಒಳಗಿನಿಂದಲೇ ಆಹಾರ ಒದಗುವ ಅಪಾಯ ತಗ್ಗುತ್ತದೆ. ಬೆಂಕಿ ಬಿದ್ದರೆ ಓಡಲು ಜಾಗವಿಲ್ಲದ ದೋಣಿಯಲ್ಲಿ ಈ ಗುಣವು ಕೆಲವು ಕಿಲೋಗ್ರಾಂಗಳ ಉಳಿತಾಯಕ್ಕಿಂತ ಎಷ್ಟೋ ಮುಖ್ಯ. ಸೀಸದೊಡನೆ ಹೋಲಿಸಿದರೆ ತೂಕದ ಉಳಿತಾಯವೂ ಸಣ್ಣದಲ್ಲ. ಸೀಸದ ಬ್ಯಾಟರಿಯು ಕಿಲೋಗ್ರಾಮಿಗೆ 30ರಿಂದ 40 ವ್ಯಾಟ್-ಗಂಟೆಯಷ್ಟು ಶಕ್ತಿ ಹಿಡಿದರೆ ಎಲ್‌ಎಫ್‌ಪಿಯು 100 ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಮೇಲಿನ ಉದಾಹರಣೆಯ ದೋಣಿಗೆ 150 ಆಂಪಿಯರ್-ಗಂಟೆಯ ಸೀಸದ ಬದಲು 100 ಆಂಪಿಯರ್-ಗಂಟೆಯ ಎಲ್‌ಎಫ್‌ಪಿ ಸಾಕು; ಮೊದಲನೆಯದು ಐವತ್ತು ಕಿಲೋಗ್ರಾಮಿನ ಹತ್ತಿರ ತೂಗಿದರೆ ಎರಡನೆಯದು ಹನ್ನೆರಡು ಹದಿಮೂರು ಕಿಲೋಗ್ರಾಂ ತೂಗುತ್ತದೆ.

ಆದರೆ ಲಿಥಿಯಂ ಬ್ಯಾಟರಿಯು ಒಂಟಿಯಾಗಿ ಕೆಲಸ ಮಾಡುವಂಥದ್ದಲ್ಲ. 3.2 ವೋಲ್ಟಿನ ನಾಲ್ಕು ಕೋಶಗಳ ಸಾಲಿನಲ್ಲಿ ಯಾವ ಕೋಶವೂ ಮಿತಿಮೀರಿ ತುಂಬದಂತೆ, ಮಿತಿಮೀರಿ ಬರಿದಾಗದಂತೆ ಕಾಯುವ ಬಿಎಂಎಸ್ ಎಂಬ ನಿಯಂತ್ರಣ ಮಂಡಲ ಅದಕ್ಕೆ ಅನಿವಾರ್ಯ. ಎಂಜಿನ್ನಿನಿಂದ ತಿರುಗಿ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರ್ ಚಾರ್ಜು ಮಾಡುತ್ತಿರುವಾಗಲೇ ಈ ಮಂಡಲವು ಅಪಾಯ ಕಂಡು ಸಂಪರ್ಕ ಕಡಿದರೆ ಹಠಾತ್ತನೆ ಏರುವ ವೋಲ್ಟೇಜು ಆಲ್ಟರ್ನೇಟರಿನ ಡಯೋಡುಗಳನ್ನು ಸುಡಬಲ್ಲದು. ಬ್ಯಾಟರಿಯು ತಡೆಯಿಲ್ಲದೆ ಪ್ರವಾಹವನ್ನು ಹೀರುವುದರಿಂದ ಸಣ್ಣ ಆಲ್ಟರ್ನೇಟರು ಬಹಳ ಹೊತ್ತು ಪೂರ್ತಿ ಸಾಮರ್ಥ್ಯದಲ್ಲಿ ದುಡಿದು ಅತಿಯಾಗಿ ಬಿಸಿಯಾಗಲೂಬಹುದು. ಆದುದರಿಂದ ಆಲ್ಟರ್ನೇಟರನ್ನು ಸೀಸದ ಸ್ಟಾರ್ಟಿಂಗ್ ಬ್ಯಾಟರಿಗೆ ಜೋಡಿಸಿ, ಅಲ್ಲಿಂದ ಡಿಸಿ-ಡಿಸಿ ಚಾರ್ಜರ್ ಎಂಬ ಸಾಧನದ ಮೂಲಕ ಮಿತವಾದ ಪ್ರವಾಹವನ್ನು ಲಿಥಿಯಂಗೆ ಕೊಡುವುದು ಸುರಕ್ಷಿತ ಕ್ರಮ.

ತುಂಬುವ ದಾರಿ

ಬ್ಯಾಟರಿಯ ಬಗೆಯನ್ನು ನಿರ್ಧರಿಸುವಲ್ಲಿ ರಸಾಯನಶಾಸ್ತ್ರದಷ್ಟೇ ಪಾತ್ರ ಅದನ್ನು ತುಂಬುವ ವ್ಯವಸ್ಥೆಗೂ ಇದೆ. ಸೀಸದ ಬ್ಯಾಟರಿಯು ನೂರಕ್ಕೆ ಎಂಬತ್ತರವರೆಗೆ ಬೇಗ ತುಂಬಿಕೊಂಡು, ಉಳಿದ ಇಪ್ಪತ್ತಕ್ಕೆ ಪ್ರವಾಹವನ್ನು ಕ್ರಮೇಣ ಕಡಿಮೆ ಮಾಡುತ್ತ ಹಲವು ಗಂಟೆ ತೆಗೆದುಕೊಳ್ಳುತ್ತದೆ. ಆ ಕೊನೆಯ ಇಪ್ಪತ್ತು ತುಂಬದಿದ್ದರೆ ಸಲ್ಫೇಷನ್ ಮನೆಮಾಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ಎಂಜಿನ್ ಓಡುವ ಮೀನುಗಾರಿಕೆ ದೋಣಿಯಲ್ಲಿ ಆ ಗಂಟೆಗಳು ತಾವಾಗಿಯೇ ದೊರೆಯುವುದರಿಂದ ಸೀಸದ ಬ್ಯಾಟರಿಯು ಅಲ್ಲಿ ಆರೋಗ್ಯವಾಗಿರುತ್ತದೆ. ಬಂದರಿನಿಂದ ಹೊರಬರಲು ಅರ್ಧ ಗಂಟೆ ಮಾತ್ರ ಎಂಜಿನ್ ಬಳಸುವ ಹಾಯಿದೋಣಿಯಲ್ಲಿ, ಅಥವಾ ಸಣ್ಣ ಸೌರಫಲಕವೊಂದನ್ನೇ ನಂಬಿದ ದೋಣಿಯಲ್ಲಿ, ಅದೇ ಬ್ಯಾಟರಿಯು ಎಂದೂ ಪೂರ್ತಿ ತುಂಬದೆ ಬೇಗ ಸಾಯುತ್ತದೆ. ಎಲ್‌ಎಫ್‌ಪಿಗೆ ಈ ಕಟ್ಟುಪಾಡಿಲ್ಲ. ಅರೆ ತುಂಬಿದ ಸ್ಥಿತಿಯೇ ಅದಕ್ಕೆ ಹಿತ, ಮತ್ತು ಒಳಗೆ ಹಾಕಿದ ಚಾರ್ಜಿನಲ್ಲಿ ಬಹುಪಾಲು ಪೂರ್ತಿಯಾಗಿ ಮರಳಿ ದೊರೆಯುತ್ತದೆ. ಮೋಡ ಕವಿದ ದಿನ ಸೌರಫಲಕದಿಂದ ಬಂದಷ್ಟನ್ನು ಬಳಸಿಕೊಳ್ಳುವ ದೋಣಿಗೆ ಇದು ತೂಕಕ್ಕಿಂತ ದೊಡ್ಡ ಲಾಭ.

ಬ್ಯಾಟರಿಯೇ ಇಂಧನವಾದಾಗ

ಬ್ಯಾಟರಿಯಿಂದಲೇ ದೋಣಿ ನಡೆಸುವ ಪ್ರಯತ್ನ ಹೊಸದಲ್ಲ. ಮೊರಿಟ್ಸ್ ಯಾಕೋಬಿ 1838ರಲ್ಲಿ ರಷ್ಯದ ನೇವಾ ನದಿಯಲ್ಲಿ, ಗುಸ್ತಾವ್ ತ್ರುವೆ 1881ರಲ್ಲಿ ಪ್ಯಾರಿಸಿನ ಸೀನ್ ನದಿಯಲ್ಲಿ ವಿದ್ಯುತ್ ದೋಣಿಗಳನ್ನು ಓಡಿಸಿ ತೋರಿಸಿದ್ದರು. ಈ ದಾರಿಗೆ ಅಡ್ಡಬಂದದ್ದು ಶಕ್ತಿಸಾಂದ್ರತೆಯ ಕೊರತೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಕಿಲೋವ್ಯಾಟ್-ಗಂಟೆ ಶಕ್ತಿಯಿದ್ದು, ಎಂಜಿನ್ನಿನಲ್ಲಿ ಬಹುಭಾಗ ಶಾಖವಾಗಿ ಹೋದರೂ ಮೂರು ಕಿಲೋವ್ಯಾಟ್-ಗಂಟೆಯಷ್ಟು ಕೆಲಸಕ್ಕೆ ಉಳಿಯುತ್ತದೆ. ಅಷ್ಟನ್ನು ಕೊಡಲು ಎಲ್‌ಎಫ್‌ಪಿ ಬ್ಯಾಟರಿಯಾದರೆ ನಲವತ್ತು ಕಿಲೋಗ್ರಾಂ ಬೇಕು, ಅರ್ಧವನ್ನಷ್ಟೇ ಬಳಸಬಹುದಾದ ಸೀಸದ ಬ್ಯಾಟರಿಯಾದರೆ ನೂರೆಂಬತ್ತು ಕಿಲೋಗ್ರಾಮಿನಷ್ಟು ಬೇಕು.

ಕೇರಳದ ವೈಕಂ ಮತ್ತು ತವಣಕ್ಕಡವುಗಳ ನಡುವೆ ವೇಂಬನಾಡು ಸರೋವರವನ್ನು ದಾಟುವ 'ಆದಿತ್ಯ' ಈ ಕೊರತೆಯನ್ನು ಹೇಗೆ ಗೆಲ್ಲಬಹುದೆಂಬುದಕ್ಕೆ ಒಳ್ಳೆಯ ನಿದರ್ಶನ. 2017ರ ಜನವರಿಯಲ್ಲಿ ಸೇವೆಗಿಳಿದ, 75 ಜನರನ್ನು ಹೊರುವ ಈ ಸೌರದೋಣಿಯ ಚಾವಣಿಯ ಮೇಲೆ 20 ಕಿಲೋವ್ಯಾಟಿನ ಸೌರಫಲಕಗಳೂ, ಒಡಲಲ್ಲಿ 50 ಕಿಲೋವ್ಯಾಟ್-ಗಂಟೆಯ ಲಿಥಿಯಂ ಬ್ಯಾಟರಿಯೂ ಇವೆ. ಡೀಸೆಲಿನ ಲೆಕ್ಕದಲ್ಲಿ ಆ ಬ್ಯಾಟರಿಯು ಹದಿನೈದು ಲೀಟರಿನಷ್ಟು ಕೆಲಸಕ್ಕೆ ಮಾತ್ರ ಸಮ. ಆದರೂ ದಾರಿ ಚಿಕ್ಕದು, ನೀರು ಶಾಂತ, ಎರಡು ಒಡಲುಗಳ ರಚನೆ ಹಗುರ, ಹಗಲಿಡೀ ಬಿಸಿಲು ತುಂಬುತ್ತಲೇ ಇರುತ್ತದೆ ಎಂಬ ಕಾರಣಗಳು ಕೂಡಿ ಅಷ್ಟೇ ಸಾಕಾಗಿದೆ. 2023ರ ಏಪ್ರಿಲಿನಲ್ಲಿ ಆರಂಭವಾದ ಕೊಚ್ಚಿ ಜಲಮೆಟ್ರೋದ ಅಗತ್ಯ ಬೇರೆ: ದಿನಕ್ಕೆ ಹಲವು ಬಾರಿ, ಜೆಟ್ಟಿಯಲ್ಲಿ ನಿಂತ ಕೆಲವೇ ನಿಮಿಷಗಳಲ್ಲಿ ಅಲ್ಲಿನ ದೋಣಿಗಳು ಚಾರ್ಜಾಗಬೇಕು. ಅದಕ್ಕಾಗಿ ಅಲ್ಲಿ ಲಿಥಿಯಂ ಟೈಟನೇಟ್ ಎಂಬ ಬಗೆಯನ್ನು ಆರಿಸಲಾಯಿತು. ಎಲ್‌ಎಫ್‌ಪಿಗಿಂತ ಅದು ಭಾರ, ದುಬಾರಿ. ಆದರೆ ಅತಿ ವೇಗದ ಚಾರ್ಜನ್ನು ಸಾವಿರಾರು ಬಾರಿ ತಾಳಿಕೊಳ್ಳಬಲ್ಲದು. ಒಂದೇ ರಾಜ್ಯದ ಎರಡು ದೋಣಿಗಳಿಗೆ ಎರಡು ಬೇರೆ ವ್ಯವಸ್ಥೆಗಳು ಸರಿಯೆನಿಸಿದ್ದು ಕೆಲಸವೇ ಬೇರೆಯಾಗಿದ್ದರಿಂದ.

ವಿದ್ಯುತ್ ದೋಣಿಯ ಮಾಲೀಕರಿಗೆ ಇನ್ನೊಂದು ಭೌತನಿಯಮವೂ ತಿಳಿದಿರಬೇಕು. ನೀರನ್ನು ಸೀಳಿ ಸಾಗುವ ದೋಣಿಗೆ ಬೇಕಾದ ಸಾಮರ್ಥ್ಯವು ಸ್ಥೂಲವಾಗಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಎಂಟನೆಯ ಒಂದು ಪಾಲು ಸಾಮರ್ಥ್ಯ ಸಾಕಾಗಿ, ಅದೇ ಬ್ಯಾಟರಿಯಲ್ಲಿ ನಾಲ್ಕು ಪಟ್ಟು ದೂರ ಸಾಗಬಹುದು. ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ವೇಗ ತಗ್ಗಿಸುವ ಸಾಧ್ಯತೆಯನ್ನು ನೋಡುವುದು ಜಾಣತನ.

ಕಡಲಿನ ಹವೆ ಮತ್ತು ಮಳೆಗಾಲದ ಬಿಡುವು

ಬಿಸಿಯು ಬ್ಯಾಟರಿಗೆ ಚಳಿಗಿಂತ ದೊಡ್ಡ ಶತ್ರು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೂ ಸೀಸದ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಅನುಭವಸಿದ್ಧ ಸೂತ್ರ. ಎಂಜಿನ್ನಿನ ಪಕ್ಕದ ಕಾವಿನಿಂದ ದೂರವಿಡುವುದು ಅದಕ್ಕಾಗಿಯೇ ಅಗತ್ಯ. ಉಪ್ಪುಗಾಳಿಯು ತಾಮ್ರದ ತಂತಿಗಳನ್ನು ತಿನ್ನುವುದರಿಂದ ತವರದ ಲೇಪವಿರುವ ತಂತಿಗಳನ್ನೂ, ಟರ್ಮಿನಲ್ಲುಗಳಿಗೆ ಪೆಟ್ರೋಲಿಯಂ ಜೆಲ್ಲಿಯನ್ನೂ ಬಳಸಬೇಕು. ಧನಧ್ರುವಕ್ಕೆ ಆದಷ್ಟು ಹತ್ತಿರ ಫ್ಯೂಸ್ ಇರಬೇಕು. ಬ್ಯಾಟರಿಯನ್ನು ದೋಣಿ ಎಷ್ಟೇ ಓಲಾಡಿದರೂ ಕದಲದಂತೆ ಪಟ್ಟಿಯಿಂದ ಬಿಗಿಯಬೇಕು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಬಳಸದಿದ್ದರೂ ಬ್ಯಾಟರಿಯ ಚಾರ್ಜು ತಾನಾಗಿಯೇ ಇಳಿಯುತ್ತದೆ. ಫಲಕದ ಗಟ್ಟಿತನಕ್ಕಾಗಿ ಆಂಟಿಮನಿ ಬೆರೆಸಿದ ದ್ರವಾಮ್ಲದ ಬ್ಯಾಟರಿಗಳಲ್ಲಿ ಈ ಇಳಿಕೆ ಹೆಚ್ಚು, ಎಜಿಎಂಗಳಲ್ಲಿ ಕಡಿಮೆ. ಹೀಗಾಗಿ ಸೀಸದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ತಂತಿ ಕಳಚಿ, ತಿಂಗಳಿಗೊಮ್ಮೆಯಾದರೂ ಮತ್ತೆ ಚಾರ್ಜು ಮಾಡಬೇಕು. ಎಲ್‌ಎಫ್‌ಪಿಯನ್ನಾದರೆ ಇದಕ್ಕೆ ವ್ಯತಿರಿಕ್ತವಾಗಿ ಅರ್ಧದಷ್ಟು ಚಾರ್ಜಿನಲ್ಲಿ ಇಟ್ಟು ತಂತಿ ಕಳಚಿದರೆ ಸಾಕು. ಒಂದು ಮಳೆಗಾಲದ ಅಲಕ್ಷ್ಯವು ನಾಲ್ಕು ವರ್ಷ ಬಾಳಬೇಕಾದ ಬ್ಯಾಟರಿಯನ್ನು ಎರಡನೆಯ ವರ್ಷವೇ ಗುಜರಿಗೆ ಕಳಿಸಬಲ್ಲದು.

ನಿರ್ಣಯ

ಎಂಜಿನ್ ಚಾಲೂ ಮಾಡುವ ಕೆಲಸಕ್ಕೆ ಸೀಸದ ಸ್ಟಾರ್ಟಿಂಗ್ ಬ್ಯಾಟರಿಗಿಂತ ಅಗ್ಗವಾದ, ನಂಬಿಕೆಗೆ ಅರ್ಹವಾದ ಬದಲಿ ಇಂದಿಗೂ ಇಲ್ಲ. ದಿನವೂ ಹಲವು ಗಂಟೆ ಎಂಜಿನ್ ಓಡುವ, ದೀಪ ಮತ್ತು ಉಪಕರಣಗಳಷ್ಟೇ ಇರುವ ದೋಣಿಗೆ ಡೀಪ್ ಸೈಕಲ್ ಸೀಸದ ಬ್ಯಾಟರಿ ಸಾಕು. ನೀರು ನೋಡಿಕೊಳ್ಳುವ ವ್ಯವಧಾನವಿದ್ದರೆ ಕುಳ್ಳ ಮಾದರಿಯ ದ್ರವಾಮ್ಲದ್ದು, ಇಲ್ಲದಿದ್ದರೆ ಎಜಿಎಂ. ಸೌರಶಕ್ತಿಯನ್ನು ನೆಚ್ಚಿದ, ತೂಕವನ್ನು ಎಣಿಸಬೇಕಾದ, ಅಥವಾ ವಿದ್ಯುತ್ತಿನಿಂದಲೇ ಚಲಿಸುವ ದೋಣಿಗೆ ಎಲ್‌ಎಫ್‌ಪಿಯೇ ಸರಿಯಾದದ್ದು. ಅದರ ಬೆಲೆಯನ್ನು ಸೀಸದ ಬೆಲೆಯೊಡನೆ ನೇರವಾಗಿ ಹೋಲಿಸದೆ, ಬಳಸಬಹುದಾದ ಆಂಪಿಯರ್-ಗಂಟೆಯನ್ನು ಆವರ್ತನೆಗಳ ಸಂಖ್ಯೆಯಿಂದ ಗುಣಿಸಿ ಆ ಮೊತ್ತದಿಂದ ಬೆಲೆಯನ್ನು ಭಾಗಿಸಿದಾಗ ನಿಜವಾದ ವೆಚ್ಚ ತಿಳಿಯುತ್ತದೆ. ದಿನವೂ ಆಳವಾಗಿ ಬಳಸುವವರಿಗೆ ಈ ಲೆಕ್ಕವು ಲಿಥಿಯಂ ಪರವಾಗಿಯೂ, ವಾರಕ್ಕೊಮ್ಮೆ ಬಳಸುವವರಿಗೆ ಬಹುತೇಕ ಸೀಸದ ಪರವಾಗಿಯೂ ಬರುತ್ತದೆ.

ಬಗೆ ಯಾವುದೇ ಇರಲಿ, ಆಯುಷ್ಯ ಮುಗಿದ ಬ್ಯಾಟರಿಯನ್ನು ಕಡಲಿಗೆ ಎಸೆಯುವುದಾಗಲಿ, ಬಯಲಲ್ಲಿ ಒಡೆದು ಸೀಸ ಕರಗಿಸುವವರ ಕೈಗೆ ಕೊಡುವುದಾಗಲಿ ಅಕ್ಷಮ್ಯ. ಸೀಸವು ಮಕ್ಕಳ ಮಿದುಳಿಗೆ ಹಾನಿ ಮಾಡುವ ವಿಷ, ಆದರೆ ಶಿಸ್ತಿನಿಂದ ಸಂಗ್ರಹಿಸಿದರೆ ಬಹುಮಟ್ಟಿಗೆ ಪೂರ್ತಿಯಾಗಿ ಮರುಬಳಕೆಯಾಗುವ ಲೋಹ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ದೋಣಿಯ ಮಾಲೀಕರು ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಧಿಕೃತ ಮಾರಾಟಗಾರರಿಗೇ ಒಪ್ಪಿಸಬೇಕು. ಅಂಗಡಿಗೆ ಹೋಗುವ ಮೊದಲು ತಮ್ಮ ದೋಣಿಯ ಒಂದು ರಾತ್ರಿಯ ಬಳಕೆಯನ್ನು ಕಾಗದದ ಮೇಲೆ ಬರೆದು ಕೂಡಿಸಿ ನೋಡಬೇಕು.